ಕಾರಿನ ರೇಟಿನೊಳಗೆ ಕೂತಿರೋ ತೆರಿಗೆ: ಕರೋಡಗಿರಿಯಿಂದ ಜಿಎಸ್‌ಟಿವರೆಗೆ

ಇವತ್ತು ಮಾತಾಡೋದು ಒಂದು ಹಾಳೆಯ ಬಗ್ಗೆ. ಹೊಸ ಕಾರು ನೋಡಾಕ ಶೋರೂಂಗೆ ಹೋದ್ರೆ ಕೈಗೆ ಕೊಡ್ತಾರಲ್ಲ, ಆ ಕೊಟೇಶನ್ ಹಾಳೆ. ಮೇಲಿನ ಸಾಲಿನಲ್ಲಿ ಎಕ್ಸ್ ಶೋರೂಂ ಬೆಲೆ ಅಂತ ಒಂದು ಅಂಕಿ. ಕೆಳಗಿನ ಸಾಲಿನಲ್ಲಿ ಆನ್ ರೋಡ್ ಬೆಲೆ ಅಂತ ಇನ್ನೊಂದು ಅಂಕಿ. ಸಣ್ಣ ಕಾರಾದ್ರೂ ಎರಡರ ನಡುವೆ ಲಕ್ಷದ ಆಸುಪಾಸು ಫರಕು. ತಾವರಗೇರಾದಿಂದ ಕೊಪ್ಪಳಕ್ಕೋ, ಗಂಗಾವತಿಗೋ, ಹೊಸಪೇಟೆಗೋ ಹೋಗಿ ಈ ಹಾಳೆ ತಂದು ಮನೆಯಲ್ಲಿ ತೋರಿಸಿದ್ರೆ ಹಿರಿಯರು ಕೇಳೋ ಮೊದಲ ಮಾತು ಒಂದೇ: "ಟಿವ್ಯಾಗ ಹೇಳಿದ ರೇಟ್ ಬ್ಯಾರೆ ಇತ್ತಲ್ಲಪಾ, ಇದೇನಿದು?"

ಅವರು ಕೇಳೋದು ಸರಿ ಐತಿ. ಆದ್ರೆ ಇನ್ನೊಂದು ಪ್ರಶ್ನೆ ಯಾರೂ ಕೇಳೋದಿಲ್ಲ. ಮೇಲಿನ ಅಂಕಿ, ಅಂದ್ರೆ ಟಿವಿಯಲ್ಲಿ ಹೇಳಿದ ಆ ರೇಟಿನ ಒಳಗೇ ಎಷ್ಟು ತೆರಿಗೆ ಕೂತೈತಿ? ಹಳೆಯ ಮಂದಿ ಅದಕ್ಕೆ 'ಸೇಲ್ ಟ್ಯಾಕ್ಸ್' ಅಂತಿದ್ರು. ಈಗ ಜಿಎಸ್‌ಟಿ. ಹೆಸರು ಬದಲಾದ ಆ ಕಥೆಗೆ 80 ವರ್ಷಕ್ಕಿಂತ ಹೆಚ್ಚು ವಯಸ್ಸು. ಆ ಕಥೆಯ ಒಂದು ದೊಡ್ಡ ಭಾಗ ನಮ್ಮ ಸುತ್ತಮುತ್ತಲೇ ನಡೆದದ್ದು.

ಶುರುವಾದದ್ದು ಪೆಟ್ರೋಲ್‌ನಿಂದ

ಭಾರತದಲ್ಲಿ ಮಾರಾಟ ತೆರಿಗೆ ಮೊದಲು ಬಿದ್ದದ್ದು ಗಾಡಿಗೆ ಹಾಕೋ ಎಣ್ಣೆಯ ಮೇಲೆ. 1935ರ ಭಾರತ ಸರಕಾರ ಕಾಯ್ದೆಯಲ್ಲಿ ಬ್ರಿಟಿಷರು ತೆರಿಗೆಗಳನ್ನು ಪಾಲು ಮಾಡಿದ್ದರು. ವಸ್ತು ತಯಾರಾಗುವಾಗ ಹಾಕುವ ಅಬಕಾರಿ ಸುಂಕ ಹೆಚ್ಚೂಕಡಿಮೆ ಕೇಂದ್ರಕ್ಕೆ. ವಸ್ತು ಮಾರಾಟವಾಗುವಾಗ ಹಾಕುವ ತೆರಿಗೆ ಪ್ರಾಂತ್ಯಗಳಿಗೆ. 1938ರಲ್ಲಿ ನಾಗಪುರ ರಾಜಧಾನಿಯಾಗಿದ್ದ ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಸರಕಾರ ಪೆಟ್ರೋಲ್ ಮತ್ತು ಲೂಬ್ರಿಕೆಂಟ್ ಎಣ್ಣೆಯ ಮಾರಾಟಕ್ಕೆ ತೆರಿಗೆ ಹಾಕಿತು. ಕೇಂದ್ರ ತಕರಾರು ತೆಗೆಯಿತು: ಇದು ಹೆಸರಿಗಷ್ಟೇ ಮಾರಾಟ ತೆರಿಗೆ, ನಿಜವಾಗಿ ಅಬಕಾರಿ ಸುಂಕ, ಅದು ನಮ್ಮ ಹಕ್ಕು.

ಆಗಷ್ಟೇ ಶುರುವಾಗಿದ್ದ ಫೆಡರಲ್ ಕೋರ್ಟ್‌ಗೆ ಬಂದ ಮೊದಲ ವಿಷಯವೇ ಇದು. ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವೈಯರ್ ಇದ್ದ ಪೀಠ ಪ್ರಾಂತ್ಯದ ಪರ ನಿಂತಿತು. ತಯಾರಿಕೆಯ ತೆರಿಗೆ ಕೇಂದ್ರದ್ದು, ಅಂಗಡಿಯಲ್ಲಿ ಮಾರುವಾಗಿನ ತೆರಿಗೆ ಪ್ರಾಂತ್ಯದ್ದು ಅನ್ನೋ ಗೆರೆ ಗಟ್ಟಿಯಾಯಿತು. ಆ ಗೆರೆ 2017ರವರೆಗೂ ಅಳಿಸಲಿಲ್ಲ. ಒಂದು ಕಾರಿನ ಮೇಲೆ ಎರಡು ಸರಕಾರಗಳು ಬೇರೆ ಬೇರೆ ತೆರಿಗೆ ಹಾಕಿದ್ದರ ಬೇರು ಇಲ್ಲೇ ಐತಿ.

ಮರು ವರ್ಷ, 1939ರಲ್ಲಿ, ಮದ್ರಾಸ್ ಪ್ರಾಂತ್ಯ ಒಂದು ಹೆಜ್ಜೆ ಮುಂದೆ ಹೋಯಿತು. ಸಿ. ರಾಜಗೋಪಾಲಾಚಾರಿ ಅವರ ಸರಕಾರ ಪಾನನಿಷೇಧ ತರುತ್ತಿತ್ತು. ಸೆರೆ, ಸಾರಾಯಿ ಬಂದ್ ಆದ್ರೆ ಖಜಾನೆಗೆ ತೂತು ಬೀಳುತ್ತದಲ್ಲ, ಅದನ್ನು ಮುಚ್ಚಲು ಎಲ್ಲಾ ವ್ಯಾಪಾರಕ್ಕೂ ಸಾಮಾನ್ಯ ಮಾರಾಟ ತೆರಿಗೆ ಬಂತು. ದರ ದೊಡ್ಡ ವ್ಯಾಪಾರಿಗಳ ವಹಿವಾಟಿನ ಮೇಲೆ ನೂರಕ್ಕೆ ಅರ್ಧ ರೂಪಾಯಿ. ಆಗ ಬಳ್ಳಾರಿ, ಹೊಸಪೇಟೆ ಎಲ್ಲಾ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಂದ್ರೆ ತುಂಗಭದ್ರೆಯ ಆಚೆ ದಂಡೆಯ ಕನ್ನಡಿಗರು 1939ರಲ್ಲೇ ಸೇಲ್ ಟ್ಯಾಕ್ಸ್ ನೋಡಿದ್ರು.

ಮೂರು ಸರಕಾರಗಳ ಮೂಲೆಯಲ್ಲಿ ನಮ್ಮೂರು

ಈಚೆ ದಂಡೆಯಲ್ಲಿ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ವಿ. ಕುಷ್ಟಗಿ ಆಗ ರಾಯಚೂರು ಜಿಲ್ಲೆ. ಇಲ್ಲಿ ಮಾರಾಟ ತೆರಿಗೆ ಇರಲಿಲ್ಲ, ಅದರ ಬದಲು ಕರೋಡಗಿರಿ ಇತ್ತು. ಕರೋಡಗಿರಿ ಅಂದ್ರೆ ನಿಜಾಮನ ಸುಂಕದ ಇಲಾಖೆ. ಸಂಸ್ಥಾನದ ಗಡಿ ದಾಟಿ ಬರುವ ಸಾಮಾನಿಗೆ ನಾಕೆಯಲ್ಲಿ ಸುಂಕ ಕಟ್ಟಬೇಕಿತ್ತು. 1802ರಲ್ಲಿ ನಿಜಾಮನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ವ್ಯಾಪಾರ ಒಪ್ಪಂದದಲ್ಲಿ ಅದು ಶೇ 5 ಅಂತ ಗೊತ್ತಾಗಿತ್ತು.

ಈಗ ನಕಾಶೆ ನೋಡ್ರಿ. ತಾವರಗೇರಾದಿಂದ ಪಶ್ಚಿಮಕ್ಕೆ ಹೋದ್ರೆ ರೋಣ, ಗದಗ. ಅದು ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ದಕ್ಷಿಣಕ್ಕೆ ಹೊಳೆ ದಾಟಿದ್ರೆ ಹೊಸಪೇಟೆ, ಮದ್ರಾಸ್ ಪ್ರಾಂತ್ಯ. ನಡುವೆ ನಾವು, ನಿಜಾಮನ ಪ್ರಜೆಗಳು. ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟುವಷ್ಟು ದೂರದಲ್ಲಿ ಮೂರು ಸರಕಾರ, ಮೂರು ಲೆಕ್ಕ. ಒಂದೇ ವಸ್ತುವಿಗೆ ಹೊಳೆಯ ಈಚೆ ಒಂದು ರೇಟು, ಆಚೆ ಒಂದು ರೇಟು.

ಆಮೇಲೆ ಕಾಯ್ದೆಗಳು ಸಾಲಾಗಿ ಬಂದವು. ಮುಂಬೈ ಪ್ರಾಂತ್ಯದಲ್ಲಿ 1946, ಮೈಸೂರಿನಲ್ಲಿ 1948. ಅದೇ 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದೊಳಗೆ ಸೇರಿತು. ಒಂದೇ ದೇಶದೊಳಗೆ ಸಂಸ್ಥಾನಕ್ಕೊಂದು ಸುಂಕದ ನಾಕೆ ಇಟ್ಟುಕೊಂಡು ಕೂರಲು ಆಗೋದಿಲ್ಲ. 1950ರಲ್ಲಿ ಹೈದರಾಬಾದ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ಬಂತು. ನಮ್ಮ ಭಾಗಕ್ಕೆ ಸೇಲ್ ಟ್ಯಾಕ್ಸ್ ಕಾಲಿಟ್ಟದ್ದು ಹಿಂಗ.

1956ರ ನವೆಂಬರ್ 1ರಂದು ಏಕೀಕರಣ ಆದಾಗ ಕನ್ನಡಿಗರೆಲ್ಲ ಒಂದು ರಾಜ್ಯಕ್ಕೆ ಬಂದರು, ಆದ್ರೆ ತೆರಿಗೆ ಒಂದಾಗಿರಲಿಲ್ಲ. ಗದಗಿನವರಿಗೆ ಮುಂಬೈ ಕಾಯ್ದೆ, ಕುಷ್ಟಗಿಯವರಿಗೆ ಹೈದರಾಬಾದ್ ಕಾಯ್ದೆ, ಮೈಸೂರಿನವರಿಗೆ ಮೈಸೂರು ಕಾಯ್ದೆ. ಅದನ್ನೆಲ್ಲ ಒಂದು ಮಾಡಿದ್ದು 1957ರ ಮೈಸೂರು ಮಾರಾಟ ತೆರಿಗೆ ಕಾಯ್ದೆ. ಮುಂದೆ ಅದೇ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆ ಆಯಿತು. ಅದೇ 1957ರಲ್ಲಿ ಮೋಟಾರು ವಾಹನಗಳ ತೆರಿಗೆ ಕಾಯ್ದೆಯೂ ಬಂತು. ಇವತ್ತು ನಾವು 'ಲೈಫ್ ಟ್ಯಾಕ್ಸ್' ಅಂತ ಕಟ್ಟೋದು ಅದರ ಅಡಿಯಲ್ಲೇ. ಕಾರಿನ ಮೇಲಿನ ಈ ಎರಡೂ ರಾಜ್ಯ ತೆರಿಗೆಗಳು ಒಂದೇ ವರ್ಷ ಹುಟ್ಟಿದ ಅಣ್ಣ ತಮ್ಮಂದಿರು. ಇದನ್ನ ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತದೆ.

ತೆರಿಗೆ ಮೇಲೆ ತೆರಿಗೆ

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ತೊಡಕಿತ್ತು. ಕಾರು ಫ್ಯಾಕ್ಟರಿಯಿಂದ ಹೊರಗೆ ಬರುವಾಗ ಕೇಂದ್ರ ಅಬಕಾರಿ ಸುಂಕ ಹಾಕುತ್ತಿತ್ತು. ಆ ಸುಂಕ ಸೇರಿದ ಬೆಲೆಯ ಮೇಲೆ ರಾಜ್ಯ ಮಾರಾಟ ತೆರಿಗೆ ಹಾಕುತ್ತಿತ್ತು. ಅಂದ್ರೆ ತೆರಿಗೆಗೇ ತೆರಿಗೆ. ಇದು ಸಾಲದು ಅಂತ ರಾಜ್ಯಗಳ ನಡುವೆ ಪೈಪೋಟಿ ಬೇರೆ. ತೆರಿಗೆ ಕಡಿಮೆ ಇರುವ ಪುದುಚೇರಿಯಂಥ ಕಡೆ ಗಾಡಿ ಕೊಳ್ಳೋ ರೂಢಿ ಬೆಳೆಯಿತು. ಗಿರಾಕಿ ಕೈತಪ್ಪಬಾರದು ಅಂತ ಒಂದು ರಾಜ್ಯ ದರ ಇಳಿಸಿದ್ರೆ ಪಕ್ಕದ ರಾಜ್ಯವೂ ಇಳಿಸೋದು. ಹಿಂಗ ಎಲ್ಲರ ಖಜಾನೆಗೂ ಪೆಟ್ಟು ಬಿದ್ದಾಗ, ಇದಕ್ಕಿಂತ ಕೆಳಗೆ ಯಾರೂ ಇಳಿಯಬಾರದು ಅಂತ ಎಲ್ಲಾ ರಾಜ್ಯಗಳು ಸೇರಿ ಕನಿಷ್ಠ ದರ ಗೊತ್ತು ಮಾಡಿದ್ದು 2000ದ ಜನವರಿಯಿಂದ.

2005ರ ಏಪ್ರಿಲ್ 1ರಂದು ಕರ್ನಾಟಕಕ್ಕೆ ವ್ಯಾಟ್ ಬಂತು. ವ್ಯಾಪಾರಿ ಕೊಳ್ಳುವಾಗ ಕಟ್ಟಿದ ವ್ಯಾಟನ್ನು ಮಾರುವಾಗಿನ ವ್ಯಾಟ್‌ನಲ್ಲಿ ವಜಾ ಮಾಡಿಕೊಳ್ಳಬಹುದಿತ್ತು. ಆದ್ರೆ ಕೇಂದ್ರದ ಅಬಕಾರಿ ಸುಂಕ ಆ ಲೆಕ್ಕದಿಂದ ಹೊರಗೇ ಉಳಿಯಿತು. ಕಾರಿನ ಮೇಲಿನ ವ್ಯಾಟ್ ಶೇ 12.5ರಿಂದ ಶುರುವಾಗಿ, ಜಿಎಸ್‌ಟಿ ಬರುವ ಹೊತ್ತಿಗೆ ಶೇ 14.5 ಆಗಿತ್ತು.

ಐದು ಲಕ್ಷದ ಲೆಕ್ಕ

ನಾನು ಕಾಮರ್ಸ್ ಓದಿದವ, ಲೆಕ್ಕ ಇಲ್ಲದೆ ಮಾತು ಮುಗಿಸಾಕ ಬರೋದಿಲ್ಲ. ತೆರಿಗೆ ಬಿಟ್ಟು 5,00,000 ರೂಪಾಯಿ ಬೆಲೆಯ ಒಂದು ಸಣ್ಣ ಪೆಟ್ರೋಲ್ ಕಾರು ಅಂತ ಇಟ್ಕೊಳ್ಳೋಣ. ಲೆಕ್ಕ ಸರಳ ಇರಲಿ ಅಂತ ಡೀಲರ್ ಕಮಿಷನ್ ಬೇರೆ ಹಿಡಿದಿಲ್ಲ.

ಮೊದಲು 2016ರ ಕೊನೆ. ಅಬಕಾರಿ ಸುಂಕ ಶೇ 12.5, ಜೊತೆಗೆ ಬೇರೆ ಬೇರೆ ಹೆಸರಿನ ಸಣ್ಣ ಸೆಸ್‌ಗಳು. ಎಲ್ಲಾ ಸೇರಿ ಶೇ 14.625, ಅಂದ್ರೆ 73,125 ರೂಪಾಯಿ. ಬೆಲೆ 5,73,125 ಆಯಿತು. ಅದರ ಮೇಲೆ ಶೇ 14.5 ವ್ಯಾಟ್, 83,103 ರೂಪಾಯಿ. ಎಕ್ಸ್ ಶೋರೂಂ 6,56,228.

ಎರಡನೆಯದು 2017ರ ಜುಲೈ 1, ಜಿಎಸ್‌ಟಿ ಬಂದ ದಿನ. ಶೇ 28 ಜಿಎಸ್‌ಟಿ, ಶೇ 1 ಸೆಸ್. ಒಟ್ಟು 1,45,000. ಎಕ್ಸ್ ಶೋರೂಂ 6,45,000. ಇಳಿದದ್ದು 11,228 ರೂಪಾಯಿ ಮಾತ್ರ.

ಮೂರನೆಯದು 2025ರ ಸೆಪ್ಟೆಂಬರ್ 22. ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು, ಸೆಸ್ ಹೋಯಿತು. ತೆರಿಗೆ 90,000. ಎಕ್ಸ್ ಶೋರೂಂ 5,90,000. ಸಣ್ಣ ಕಾರು ಅಂದ್ರೆ ಕಾನೂನಿನ ಪ್ರಕಾರ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದ್ರೆ 1200 ಸಿಸಿ ಒಳಗೆ, ಡೀಸೆಲ್ ಆದ್ರೆ 1500 ಸಿಸಿ ಒಳಗೆ. ಅದಕ್ಕಿಂತ ದೊಡ್ಡದಕ್ಕೆ ಶೇ 40. ಎಲೆಕ್ಟ್ರಿಕ್ ಕಾರಿಗೆ ಶೇ 5.

ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ಇಲ್ಲ. ಈಗ ಬರೋದು 1957ರ ಎರಡನೇ ಕೂಸು, ಲೈಫ್ ಟ್ಯಾಕ್ಸ್. ಕರ್ನಾಟಕದಲ್ಲಿ ಗಾಡಿ ಬೆಲೆ 5 ಲಕ್ಷದೊಳಗಿದ್ರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಇದನ್ನು ಲೆಕ್ಕ ಹಾಕೋದು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ.

ನಮ್ಮ ಕಾರಿಗೆ ಹಚ್ಚಿ ನೋಡ್ರಿ. 5,90,000ಕ್ಕೆ ಶೇ 14, ಮೇಲೆ ಸೆಸ್. ಒಟ್ಟು 91,686 ರೂಪಾಯಿ. ಜಿಎಸ್‌ಟಿ ಬಿಟ್ಟು 5 ಲಕ್ಷದ ಮೇಲಷ್ಟೇ ಲೆಕ್ಕ ಹಾಕಿದ್ರೆ ಕಾರು ಶೇ 13ರ ಸಾಲಿನಲ್ಲೇ ಉಳೀತಿತ್ತು, ಕಟ್ಟಬೇಕಾದದ್ದು 72,150. ಫರಕು 19,536 ರೂಪಾಯಿ. ಜಿಎಸ್‌ಟಿ ತಾನು ಬೆಲೆ ಏರಿಸಿದ್ದಲ್ಲದೆ, ಕಾರನ್ನು ಮೇಲಿನ ಸಾಲಿಗೂ ತಳ್ಳಿತು. ತೆರಿಗೆ ಮೇಲೆ ತೆರಿಗೆ ಬೀಳದಂಗ ಮಾಡ್ತೀವಿ ಅಂತ ಬಂದ ಜಿಎಸ್‌ಟಿಯ ಕಾಲದಲ್ಲೂ ಕಾರಿನ ವಿಷಯದಲ್ಲಿ ಅದು ಇನ್ನೂ ಜೀವಂತ ಐತಿ.

ಎರಡೂ ಸೇರಿ 1,81,686 ರೂಪಾಯಿ. ಕಾರಿನ ನಿಜವಾದ ಬೆಲೆ 100 ರೂಪಾಯಿ ಅಂದ್ರೆ ತೆರಿಗೆ 36 ರೂಪಾಯಿ. ಸಾಲ ತಗೊಂಡವರಿಗೆ ಇನ್ನೂ ಒಂದು ಪದರ ಐತಿ. ಜಿಎಸ್‌ಟಿಯ ಆ 90,000ವನ್ನು ಶೇ 9ರ ಬಡ್ಡಿಗೆ 5 ವರ್ಷದ ಕಂತಿನಲ್ಲಿ ತೀರಿಸಿದ್ರೆ ಬಡ್ಡಿಯೇ ಸುಮಾರು 22,000 ರೂಪಾಯಿ. ಸರಕಾರದ ತೆರಿಗೆಗೆ ನಾವು ಬ್ಯಾಂಕಿಗೆ ಬಡ್ಡಿ ಕಟ್ತೀವಿ. ಇನ್ಶೂರೆನ್ಸ್‌ನಲ್ಲಿ ಹೊಸ ಗಾಡಿಯ ಮೌಲ್ಯ ಹಿಡಿಯೋದೂ ತೆರಿಗೆ ಸೇರಿದ ಬೆಲೆಯಿಂದಲೇ, ಪ್ರೀಮಿಯಂ ಮೇಲೆ ಮತ್ತೆ ಶೇ 18 ಜಿಎಸ್‌ಟಿ.

ದರ ಗೊತ್ತು ಮಾಡೋರು ಯಾರು?

ನನಗೆ ಇದರಲ್ಲಿ ಮುಖ್ಯ ಅನಿಸೋದು ಅಂಕಿಗಿಂತ ಅಧಿಕಾರದ ವಿಷಯ. 2017ರ ಮೊದಲು ಕಾರಿನ ಮೇಲಿನ ವ್ಯಾಟ್ ದರವನ್ನು ಕರ್ನಾಟಕದ ವಿಧಾನಸಭೆ ಗೊತ್ತು ಮಾಡುತ್ತಿತ್ತು. ಜಾಸ್ತಿ ಆಯಿತು ಅಂದ್ರೆ ಕುಷ್ಟಗಿಯ ಶಾಸಕರು ಎದ್ದು ನಿಂತು ಕೇಳಬಹುದಿತ್ತು. ಈಗ ದರ ಗೊತ್ತಾಗೋದು ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿ ಮತದ ತೂಕ ಮೂರರಲ್ಲಿ ಒಂದು ಪಾಲು ಕೇಂದ್ರಕ್ಕೆ, ಎರಡು ಪಾಲು ಎಲ್ಲಾ ರಾಜ್ಯಗಳಿಗೆ. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಬೇಡ ಅಂದ್ರೆ ಯಾವ ತೀರ್ಮಾನವೂ ಆಗೋದಿಲ್ಲ. ಕರ್ನಾಟಕ ಒಂದೇ ಬೇಕು ಅಂದ್ರೂ ಆಗೋದಿಲ್ಲ.

ಇದರಲ್ಲಿ ಲಾಭ ಇಲ್ಲ ಅಂತಲ್ಲ. ಹರಿಯಾಣದ ಮಾನೇಸರ್‌ನಲ್ಲೋ ತಮಿಳುನಾಡಿನ ಶ್ರೀಪೆರಂಬದೂರಿನಲ್ಲೋ ತಯಾರಾದ ಕಾರು ಕೊಪ್ಪಳದಲ್ಲಿ ಮಾರಾಟವಾದ್ರೆ, ರಾಜ್ಯದ ಪಾಲಿನ ಜಿಎಸ್‌ಟಿ ಈಗ ಕರ್ನಾಟಕಕ್ಕೆ ಸೇರ್ತದೆ. ನಮ್ಮ 90,000ದಲ್ಲಿ 45,000 ದೆಹಲಿಗೆ, 45,000 ಬೆಂಗಳೂರಿಗೆ. ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲಿ ಹೊರರಾಜ್ಯದಿಂದ ನೇರ ಬಿಲ್ ಆದ ಸರಕಿನ ತೆರಿಗೆ ತಯಾರಿಸಿದ ರಾಜ್ಯಕ್ಕೇ ಹೋಗ್ತಿತ್ತು.

ಆದ್ರೆ ರಾಜ್ಯದ ಕೈಯಲ್ಲಿ ತಾನಾಗಿ ಏರಿಸಲು, ಇಳಿಸಲು ಉಳಿದದ್ದು ಕಡಿಮೆ. ಕಾರಿನ ಮೇಲೆ ಲೈಫ್ ಟ್ಯಾಕ್ಸ್, ಮತ್ತೆ ಅದಕ್ಕೆ ಹಾಕೋ ಎಣ್ಣೆ. ಹೌದು, ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಗೆ ಬಂದಿಲ್ಲ. 1957ರ ಆ ಹಳೇ ಮಾರಾಟ ತೆರಿಗೆ ಕಾಯ್ದೆ ಇವತ್ತಿಗೂ ಪೆಟ್ರೋಲ್ ಬಂಕ್‌ನಲ್ಲಿ ಬದುಕೈತಿ. 2024ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದ್ದು ಅದರ ಅಡಿಯಲ್ಲೇ. 1938ರಲ್ಲಿ ಪೆಟ್ರೋಲ್‌ನಿಂದ ಶುರುವಾದ ತೆರಿಗೆ ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಪೆಟ್ರೋಲ್ ಹತ್ರಾನೇ ಉಳಕೊಂಡೈತಿ.

ಕಾರು ಶ್ರೀಮಂತರ ವಸ್ತು, ತೆರಿಗೆ ಹೆಚ್ಚಿದ್ರೇನು ಅನ್ನೋ ವಾದ 1957ರಲ್ಲಿ ಸರಿ ಇದ್ದಿರಬಹುದು. ಇವತ್ತು ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ, ವಯಸ್ಸಾದವರನ್ನ ಕೊಪ್ಪಳಕ್ಕೋ ಹುಬ್ಬಳ್ಳಿಗೋ ಕರ್ಕೊಂಡು ಹೋಗಬೇಕಾದ್ರೆ ನಮ್ಮಂಥ ಊರಲ್ಲಿ ಸಣ್ಣ ಕಾರು ಶೋಕಿ ಅಲ್ಲ. ಹತ್ತು ನಿಮಿಷಕ್ಕೊಂದು ಬಸ್ಸು, ಮೆಟ್ರೋ ಇರುವ ಬೆಂಗಳೂರಿನವರಿಗೂ, ಸಂಜೆಯಾದ್ರೆ ಬಸ್ಸಿಗೆ ಕಾಯೋ ನಮಗೂ ಲೈಫ್ ಟ್ಯಾಕ್ಸ್ ದರ ಒಂದೇ. ಕನಿಷ್ಠ ಜಿಎಸ್‌ಟಿ ಬಿಟ್ಟು ಉಳಿದ ಬೆಲೆಯ ಮೇಲಷ್ಟೇ ಲೈಫ್ ಟ್ಯಾಕ್ಸ್ ಹಾಕ್ರಿ ಅಂತ ಕೇಳೋದು ದೊಡ್ಡ ಬೇಡಿಕೆ ಅಲ್ಲ. ಅದನ್ನು ಮಾಡಲು ದೆಹಲಿಯ ಒಪ್ಪಿಗೆ ಬೇಕಿಲ್ಲ, ವಿಧಾನಸೌಧದಲ್ಲೇ ಆಗ್ತದೆ.

ಅಲ್ಲಿವರೆಗೆ ನೀವು ಮಾಡಬಹುದಾದದ್ದು ಇಷ್ಟು. ಕೊಟೇಶನ್ ಕೈಗೆ ಬಂದಾಗ ತೆರಿಗೆ ಬಿಟ್ಟು ಮೂಲ ಬೆಲೆ ಎಷ್ಟು ಅಂತ ಬರೆಸಿಕೊಳ್ರಿ. ಜಿಎಸ್‌ಟಿ ಸಾಲು, ಲೈಫ್ ಟ್ಯಾಕ್ಸ್ ಸಾಲು, ಇನ್ಶೂರೆನ್ಸ್ ಸಾಲು ಬೇರೆ ಬೇರೆ ಕೇಳ್ರಿ. ಕಾರಿನ ಬೆಲೆ 10 ಲಕ್ಷ ದಾಟಿದ್ರೆ ಶೇ 1 ಟಿಸಿಎಸ್ ಹಿಡೀತಾರೆ, ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರ್ತದೆ, ಬಿಡಬ್ಯಾಡ್ರಿ. ಬೆಲೆ 5 ಲಕ್ಷ, 10 ಲಕ್ಷದ ಗೆರೆಯ ಹತ್ತಿರ ಇದ್ರೆ ಒಂದು ಮಾಡೆಲ್ ಕೆಳಗಿಳಿದು ನೋಡ್ರಿ, ಫರಕು ಲೈಫ್ ಟ್ಯಾಕ್ಸ್‌ನಲ್ಲೂ ಕಾಣ್ತದೆ. ಮನೆಯಲ್ಲಿ ಹಿರಿಯರು "ಇದೇನಿದು?" ಅಂತ ಕೇಳಿದ್ರೆ ಸಾಲು ಸಾಲಾಗಿ ಹೇಳಾಕ ಬರಬೇಕು, ಅಷ್ಟೇ.