ಬರಹದ ನೆಲೆ: ಸ್ವಂತ ಬ್ಲಾಗು ಮತ್ತು ಸಾಮಾಜಿಕ ಜಾಲತಾಣ

ಹಸ್ತಪ್ರತಿಯೊಂದು ಕೈಗೆ ಬಂದಾಗ ವಿದ್ವಾಂಸರು ಮೊದಲು ಹುಡುಕುವುದು ಅದರ ಪುಷ್ಪಿಕೆಯನ್ನು. ಪ್ರತಿ ಮಾಡಿದವರು ಯಾರು, ಯಾವ ಕಾಲದಲ್ಲಿ, ಯಾರಿಗಾಗಿ ಎಂಬ ವಿವರ ಅಲ್ಲಿ ದೊರೆತರೆ ಆ ಪ್ರತಿಗೆ ಚರಿತ್ರೆಯಲ್ಲಿ ಒಂದು ನಿಶ್ಚಿತ ಸ್ಥಾನ ಲಭಿಸುತ್ತದೆ. ಅಂತರಜಾಲದಲ್ಲಿಯೇ ಹುಟ್ಟಿದ ಬರಹಗಳ ವಿಷಯದಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಬೇಕಾದ ಕಾಲ ಬಂದಿದೆ. ಬರಹ ಎಲ್ಲಿ ನೆಲೆಸಿದೆ, ಯಾರ ವಶದಲ್ಲಿದೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ.

ಇದಕ್ಕೆ ಕಳೆದ ಮೂರು ದಶಕಗಳ ಚರಿತ್ರೆಯೇ ಸಾಕ್ಷಿ. 1994ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಮುಂದೆ ಜಿಯೋಸಿಟೀಸ್ ಎಂದು ಹೆಸರಾದ ತಾಣವು ಸಾಮಾನ್ಯ ಜನರಿಗೆ ಉಚಿತವಾಗಿ ಪುಟಗಳನ್ನು ನೀಡಿತು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಸಾಧ್ಯವಾದಷ್ಟನ್ನು ನಕಲು ಮಾಡಿಕೊಂಡದ್ದರಿಂದ ಒಂದು ಪಾಲು ಉಳಿಯಿತು. ಬ್ರೆಜಿಲ್ ಮತ್ತು ಭಾರತದಲ್ಲಿ ಅತ್ಯಂತ ಜನಪ್ರಿಯವಾಗಿದ್ದ ಆರ್ಕುಟ್ 2004ರಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರಿಗೆ ಮುಚ್ಚಿತು. ಈ ತಾಣಗಳಲ್ಲಿ ಬರೆದವರ ತಪ್ಪು ಯಾವುದೂ ಇರಲಿಲ್ಲ. ನಿರ್ಧಾರ ಒಡೆಯರದಾಗಿತ್ತು, ನಷ್ಟ ಬರೆದವರದಾಯಿತು.

ಬ್ಲಾಗಿನ ಹುಟ್ಟು ಬೇರೊಂದು ಅಗತ್ಯದಿಂದ ಆದದ್ದು. 1997ರಲ್ಲಿ ಜೋರ್ನ್ ಬಾರ್ಗರ್ ‘ವೆಬ್‌ಲಾಗ್’ ಎಂಬ ಪದವನ್ನು ಬಳಕೆಗೆ ತಂದರು. 1999ರಲ್ಲಿ ಪೀಟರ್ ಮೆರ್ಹೋಲ್ಜ್ ಅದನ್ನು ‘ಬ್ಲಾಗ್’ ಎಂದು ಹ್ರಸ್ವಗೊಳಿಸಿದರು. ಅದೇ ವರ್ಷ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಬಂದವು. ಪ್ರತಿ ಬರಹಕ್ಕೂ ಒಂದು ದಿನಾಂಕ, ಒಂದು ಸ್ಥಿರವಾದ ವಿಳಾಸ, ತಿಂಗಳುವಾರು ಸಂಗ್ರಹ, ಇವು ಆ ಪ್ರಕಾರದ ಸಹಜ ಲಕ್ಷಣಗಳಾದವು. ಪುಷ್ಪಿಕೆ ನೀಡುತ್ತಿದ್ದ ಮಾಹಿತಿಯ ಬಹುಭಾಗ ಇಲ್ಲಿ ತಾನಾಗಿಯೇ ದಾಖಲಾಗುತ್ತದೆ.

ಕನ್ನಡಕ್ಕೆ ಈ ಅನುಕೂಲ ತಡವಾಗಿ ದಕ್ಕಿತು. ಮೊದಮೊದಲ ಕನ್ನಡ ಪುಟಗಳು ಆಯಾ ತಂತ್ರಾಂಶದ ಅಕ್ಷರವಿನ್ಯಾಸವನ್ನೇ ಅವಲಂಬಿಸಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಸಾಮಾನ್ಯ ಗಣಕಗಳಲ್ಲಿ ಅದರ ಬಳಕೆ ಸುಲಭವಾದದ್ದು ಹೊಸ ಶತಮಾನದಲ್ಲಿ. ಆ ಬಳಿಕವೇ ಕನ್ನಡ ಬ್ಲಾಗುಗಳು ಹೆಚ್ಚಿದವು, ಹುಡುಕಿದರೆ ಸಿಗುವಂತಾದವು. ಮುಂದೆ ಚರ್ಚೆ, ವಿಮರ್ಶೆ, ಪುಸ್ತಕಾಭಿಪ್ರಾಯಗಳ ದೊಡ್ಡ ಪಾಲು ಫೇಸ್‌ಬುಕ್ಕಿನಂಥ ತಾಣಗಳಿಗೆ ಸರಿಯಿತು. ಅಲ್ಲಿ ಓದುಗರು ಕೂಡಲೇ ಸಿಗುತ್ತಾರೆ, ಇದು ಅಲ್ಲಗಳೆಯಲಾಗದ ಲಾಭ. ಆದರೆ ಐದು ವರ್ಷ ಹಿಂದಿನ ಒಂದು ವಾಗ್ವಾದವನ್ನು ಹುಡುಕಿ ಉಲ್ಲೇಖಿಸಬೇಕಾದ ಸಂಶೋಧನ ವಿದ್ಯಾರ್ಥಿಗೆ ಅದು ಬಹುಮಟ್ಟಿಗೆ ಬೀಗ ಹಾಕಿದ ಭಂಡಾರ. ಖಾತೆ ಅಳಿದರೆ ಮೂಲ ಬರಹದೊಂದಿಗೆ ಅದರ ಕೆಳಗಿನ ಪ್ರತಿಕ್ರಿಯೆಗಳೂ ಕಣ್ಮರೆಯಾಗುತ್ತವೆ.

ಬ್ಲಾಗು ತೆರೆದ ಮಾತ್ರಕ್ಕೆ ಸ್ವಾತಂತ್ರ್ಯ ಬಂದಂತಾಗುವುದಿಲ್ಲ. ಕಂಪನಿಯೊಂದರ ಉಚಿತ ವಿಳಾಸದಲ್ಲಿರುವ ಬ್ಲಾಗೂ ಬಾಡಿಗೆ ಮನೆಯೇ. ಲೇಖಕನ ಹೆಸರಿನಲ್ಲಿ ನೋಂದಾಯಿತವಾದ ವಿಳಾಸವಿದ್ದರೆ ಮಾತ್ರ, ಆಶ್ರಯ ನೀಡುವ ಸಂಸ್ಥೆ ಬದಲಾದರೂ ಓದುಗರು ಅದೇ ದಾರಿಯಲ್ಲಿ ಬರಬಲ್ಲರು. ಆ ವಿಳಾಸವನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಲೇಖಕ ತೀರಿಕೊಂಡ ಮೇಲೆ ಶುಲ್ಕ ಕಟ್ಟುವವರಿಲ್ಲದಿದ್ದರೆ ಅದೂ ಅಳಿಯುತ್ತದೆ. ಆದ್ದರಿಂದ ಎರಡನೆಯ ಅಗತ್ಯ, ಸಮಗ್ರ ಬರಹದ ಪ್ರತಿಯೊಂದು ಲೇಖಕನ ಬಳಿಯೂ ಮತ್ತೊಂದು ಬೇರೆಡೆಯೂ ಇರುವುದು. 2011ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಮೊದಲ ಸಮಾವೇಶ ನಡೆಸಿದ ಇಂಡೀವೆಬ್ ಬಳಗವು ಪ್ರಚುರಪಡಿಸಿದ ಕ್ರಮವೂ ಇಲ್ಲಿ ಉಪಯುಕ್ತ: ಬರಹ ಮೊದಲು ಸ್ವಂತ ನೆಲೆಯಲ್ಲಿ ಪ್ರಕಟವಾಗಬೇಕು, ಬಳಿಕ ಅದರ ಪ್ರತಿ ಅಥವಾ ಕೊಂಡಿ ಜಾಲತಾಣಗಳಿಗೆ ಹೋಗಬೇಕು. ಆಗ ಓದುಗರೂ ಸಿಗುತ್ತಾರೆ, ಮೂಲವೂ ಉಳಿಯುತ್ತದೆ.

ಕನ್ನಡ ಸಾಹಿತ್ಯಕ್ಕೆ ಈ ವಿವೇಕ ಹೊಸದಲ್ಲ. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯಿದೆ. ಒಂದೇ ಭಂಡಾರವನ್ನು ನಂಬಿ ಕೂರದೆ ಓಲೆಗಳನ್ನು ಹಲವೆಡೆ ಸೇರಿಸಿದ ಆ ಕೆಲಸದ ಬೆಲೆಯನ್ನು ಪ್ರಾಚೀನ ಕಾವ್ಯದ ವಿದ್ಯಾರ್ಥಿಗಳಿಗೆ ವಿವರಿಸಬೇಕಿಲ್ಲ. ಇಂದಿನ ಲೇಖಕನಿಗೆ ಅಂಥ ಪ್ರತಿಯೊಂದನ್ನು ಮಾಡಲು ಕೆಲವೇ ನಿಮಿಷಗಳು ಸಾಕು. ಆದರೆ ತಾಣ ಮುಚ್ಚುವ ದಿನಕ್ಕೆ ಮೊದಲೇ ಅದನ್ನು ಮಾಡಿರಬೇಕು.