ಗುಜರಿಯಲ್ಲಿ ಸಿಕ್ಕ ಆಂಪಿಯರ್

ರೇಡಿಯೊ ಜೋಡಿಸುವ, ಮೋಟಾರು ಓಡಿಸಿ ನೋಡುವ ಎಲೆಕ್ಟ್ರಾನಿಕ್ಸ್ ಹವ್ಯಾಸಿಗೆ ಮೊದಲು ಬೇಕಾಗುವುದು ಡಿ.ಸಿ. ವಿದ್ಯುತ್. ಒಂದೆರಡು ಆಂಪಿಯರ್ ಸಾಕಾದರೆ ಚಿಂತೆಯಿಲ್ಲ. ಅಂಥ ಅಡಾಪ್ಟರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಇಪ್ಪತ್ತು, ಮೂವತ್ತು ಆಂಪಿಯರ್ ಬೇಕೆಂದಾಗ ತೊಡಕು ಆರಂಭ. ಪ್ರಯೋಗಾಲಯಗಳಿಗೆಂದೇ ತಯಾರಾಗುವ ಸಾಧನದ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದಲ್ಲ. ಈ ತೊಡಕಿಗೆ ಹವ್ಯಾಸಿಗಳು ಹುಡುಕಿಕೊಂಡ ಪರಿಹಾರಗಳಿಗೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ಅವರಿಗೆ ಅಗ್ಗವಾಗಿ ದಕ್ಕಿದ ಆಂಪಿಯರ್ ಬಹುಮಟ್ಟಿಗೆ ಬೇರೆ ಯಾವುದೋ ಉದ್ಯಮಕ್ಕಾಗಿ ಹುಟ್ಟಿದ್ದು ಎಂಬುದೇ ಆ ಚರಿತ್ರೆಯ ಸಾರ.

ಮೊದಲ ಉಪಕಾರ ಮೋಟಾರು ಕಾರಿನದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದ ಮೇಲೆ ಈ ಬ್ಯಾಟರಿ ಕಾರುಗಳಲ್ಲಿ ಖಾಯಂ ಆಯಿತು. ಎಂಜಿನ್ ಚಾಲೂ ಮಾಡಲು ಕೆಲವು ಕ್ಷಣ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಅದನ್ನು ಕೊಡಬಲ್ಲ ಅಗ್ಗದ ವಸ್ತು ಇದೊಂದೇ ಆಗಿತ್ತು. 1920ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿ ವಾಲ್ವ್ ರೇಡಿಯೊಗಳ ತಂತಿಯನ್ನು ಕಾಯಿಸಿದ್ದೂ ಇಂಥದೇ 6 ವೋಲ್ಟ್ ಬ್ಯಾಟರಿ. ಕಾರಿನ ಗುರುತು ಇಂದಿಗೂ ಅಳಿಸಿಲ್ಲ. ಹ್ಯಾಮ್ ರೇಡಿಯೊ ಯಂತ್ರಗಳು ಕೇಳುವುದು 13.8 ವೋಲ್ಟ್, ಎಂಜಿನ್ ಓಡುತ್ತಿರುವಾಗ ಕಾರಿನ ಬ್ಯಾಟರಿಯಲ್ಲಿರುವ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ. 100 ವಾಟ್ ಪ್ರಸಾರದ ಯಂತ್ರಕ್ಕೆ ಸುಮಾರು 20 ಆಂಪಿಯರ್ ಬೇಕಾಗುತ್ತದೆ.

ಗೋಡೆಯ ಪ್ಲಗ್ಗಿನಿಂದಲೇ ಇಷ್ಟನ್ನು ಪಡೆಯುವ ಹಳೆಯ ವಿಧಾನ ಸರಳ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ, 2ಎನ್3055ರಂಥ ಪವರ್ ಟ್ರಾನ್ಸಿಸ್ಟರ್‌ಗಳು ಹೆಚ್ಚುವರಿ ವೋಲ್ಟೇಜನ್ನು ತಡೆದು ಹಿಡಿಯುತ್ತವೆ. ತಡೆದದ್ದೆಲ್ಲ ಶಾಖವಾಗಿ ಪೋಲಾಗುವುದೇ ಇದರ ದೋಷ. 20 ವೋಲ್ಟಿನಿಂದ 13.8ಕ್ಕೆ ಇಳಿಸಿ 20 ಆಂಪಿಯರ್ ಎಳೆದರೆ 124 ವಾಟ್ ಬರಿದೇ ಬಿಸಿಯಾಗುತ್ತದೆ. ಜೊತೆಗೆ ಕೆಲವು ಕಿಲೋ ತೂಗುವ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಅಗಲವಾದ ಅಲ್ಯುಮಿನಿಯಂ ಹೀಟ್ ಸಿಂಕ್. ಹಣ ಹೋಗುತ್ತಿದ್ದುದು ಇವುಗಳಿಗೇ.

ಸ್ವಿಚಿಂಗ್ ವಿಧಾನ ಈ ಲೆಕ್ಕವನ್ನು ಬದಲಿಸಿತು. ಇದರಲ್ಲಿ 230 ವೋಲ್ಟಿನ ಮನೆಯ ವಿದ್ಯುತ್ತನ್ನು ಮೊದಲು ಸುಮಾರು 325 ವೋಲ್ಟಿನ ಡಿ.ಸಿ. ಮಾಡಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಟ್ರಾನ್ಸ್‌ಫಾರ್ಮರ್‌ಗೆ ಉಣಿಸಲಾಗುತ್ತದೆ. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತದೆ, ಶಾಖವೂ ಕಡಿಮೆ. 1960ರ ದಶಕದಲ್ಲೇ ಉಪಗ್ರಹಗಳಲ್ಲಿದ್ದ ಈ ವಿಧಾನವನ್ನು ರಾಡ್ ಹೋಲ್ಟ್ 1977ರ ಆ್ಯಪಲ್-2 ಕಂಪ್ಯೂಟರಿಗೆ ಅಳವಡಿಸಿದರು. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿದ್ದುದು 63.5 ವಾಟಿನ ಪೆಟ್ಟಿಗೆ. 1995ರಲ್ಲಿ ಇಂಟೆಲ್ ಎ.ಟಿ.ಎಕ್ಸ್. ಮಾನದಂಡ ಪ್ರಕಟಿಸಿದ ಮೇಲೆ ಇಂಥ ಪೆಟ್ಟಿಗೆಗಳು ಕೋಟಿಗಟ್ಟಲೆ ತಯಾರಾದವು. ಕಂಪ್ಯೂಟರ್ ಹಳತಾದರೂ ಪೆಟ್ಟಿಗೆ ಗಟ್ಟಿಯಾಗಿ ಉಳಿಯುತ್ತಿತ್ತು. ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರೆ ಅದು ಚಾಲೂ ಆಗುತ್ತದೆಂಬ ಗುಟ್ಟು ಹವ್ಯಾಸಿಗಳಲ್ಲಿ ಬೇಗನೆ ಹಬ್ಬಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಕಂಪ್ಯೂಟರ್ ಭಾಗಗಳ ನಡುವೆ ಇಂಥವನ್ನು ಹುಡುಕುವುದು ವಿದ್ಯಾರ್ಥಿಗಳಿಗೆ ರೂಢಿಯಾಯಿತು.

ಅನಂತರದ ಸರದಿ ಡೇಟಾ ಸೆಂಟರುಗಳ ಸರ್ವರುಗಳದು. ಕೆಲವೇ ವರ್ಷ ದುಡಿಸಿ ಹೊರಹಾಕುವ ಈ ಯಂತ್ರಗಳ 750 ವಾಟಿನ ಪೆಟ್ಟಿಗೆಯೊಂದು 12 ವೋಲ್ಟಿನಲ್ಲಿ 60 ಆಂಪಿಯರ್‌ವರೆಗೆ ಕೊಡಬಲ್ಲದು. ಹೊಸದರ ಬೆಲೆಯ ಸಣ್ಣ ಪಾಲಿಗೆ ಅದು ಗುಜರಿಯಲ್ಲಿ ಸಿಗುತ್ತದೆ. ಆದರೆ ಅದರ ಯಾವ ಪಿನ್ನು ಏನು ಮಾಡುತ್ತದೆಂಬ ವಿವರ ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಒಬ್ಬರು ಅಳೆದು ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿದ್ದರಿಂದಲೇ ಎಷ್ಟೋ ಪೆಟ್ಟಿಗೆಗಳು ಮತ್ತೆ ಕೆಲಸಕ್ಕೆ ಬಂದಿವೆ.

ಅಗ್ಗಕ್ಕೆ ಅಪಾಯವೂ ಅಂಟಿಕೊಂಡಿದೆ. 12 ವೋಲ್ಟ್ ಮೈಗೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಅರ್ಧ ಸತ್ಯ. 60 ಆಂಪಿಯರ್ ಹರಿಯುವಲ್ಲಿ ತೆಳ್ಳನೆಯ ತಂತಿ ಕೆಂಪಗೆ ಕಾಯುತ್ತದೆ. ಬೆರಳಿನ ಉಂಗುರ ಎರಡು ತುದಿಗಳಿಗೆ ತಗುಲಿದರೆ ಚರ್ಮ ಸುಡುತ್ತದೆ. ಪೆಟ್ಟಿಗೆಯ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಪ್ರಾಣ ತೆಗೆಯುವಷ್ಟು ವೋಲ್ಟೇಜನ್ನು ಹಿಡಿದಿಟ್ಟಿರಬಹುದು. ಆದ್ದರಿಂದಲೇ ಅನುಭವಿಗಳು ಮುಚ್ಚಳ ಬಿಚ್ಚದೆ, ದಪ್ಪ ತಂತಿ ಬಳಸಿ, ನಡುವೆ ತಕ್ಕ ಫ್ಯೂಸ್ ಹಾಕುತ್ತಾರೆ. ಕಾರಿನ ಬ್ಯಾಟರಿಯಿಂದ ಸರ್ವರ್‌ವರೆಗೆ ವಸ್ತು ಬದಲಾಗಿದೆ. ಗುಜರಿಯ ಬೆಲೆಗೆ ಸಿಕ್ಕಿದ್ದಕ್ಕೆ ಉಳಿದ ಬೆಲೆಯನ್ನು ತಿಳಿವಳಿಕೆಯಿಂದ ತುಂಬಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ.