ಗಣಕಯಂತ್ರದ ವೇಗವೃದ್ಧಿಯೂ ನಾಗಪುರದ ಬೇಸಗೆಯೂ

ಸರ್ ಎಂ. ವಿಶ್ವೇಶ್ವರಯ್ಯನವರ ನಾಮಧೇಯ ನಾಗಪುರದ ಕನ್ನಡಿಗರಿಗೆ ಚಿರಪರಿಚಿತ. ೧೯೬೦ರಲ್ಲಿ ಇಲ್ಲಿ ಸ್ಥಾಪಿತವಾಗಿ ಅವರ ಹೆಸರನ್ನು ತಳೆದ ಇಂಜಿನಿಯರಿಂಗ್ ಕಾಲೇಜು ೨೦೦೨ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾಯಿತು. ಅವರಿಗೆ ಮೊದಲು ಕೀರ್ತಿ ತಂದ ಕಾರ್ಯಗಳಲ್ಲೊಂದು ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು. ಕಟ್ಟೆಯನ್ನು ಎತ್ತರಿಸದೆ ನೀರಿನ ಮಟ್ಟವನ್ನು ಏರಿಸುವುದು, ನೀರು ಮೇರೆ ಮೀರಿದೊಡನೆ ಬಾಗಿಲು ತಾನೇ ತೆರೆದು ಕಟ್ಟೆಯನ್ನು ಕಾಯುವುದು, ಇದೇ ಅವುಗಳ ತತ್ತ್ವ. ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದುದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಓವರ್‌ಕ್ಲಾಕಿಂಗ್ ವಿದ್ಯೆಯಲ್ಲಾದರೋ ಏರಿಸುವ ಆಸೆ ಮೊದಲು ಬಂದಿತು. ಕಾಯುವ ಬಾಗಿಲು ತಡವಾಗಿ ಬಂದಿತು.

೧೯೮೪ರ ಐಬಿಎಂ ಎಟಿ ಯಂತ್ರದ ವೇಗ ೬ ಮೆಗಾಹರ್ಟ್ಜ್. ಗತಿಯನ್ನು ನಿಯಂತ್ರಿಸುವ ಸ್ಫಟಿಕದ ತುಣುಕನ್ನು ಬದಲಿಸಿ ಅದನ್ನು ೮ಕ್ಕೆ ಏರಿಸಿಕೊಂಡವರು ಹಲವರು. ಕಂಪನಿಯವರು ಮುಂದಿನ ಯಂತ್ರಗಳಲ್ಲಿ ಇದಕ್ಕೆ ತಡೆಯೊಡ್ಡಿದರು. ಈ ಚರಿತ್ರೆಯ ಪರ್ವಕಾಲವೆಂದರೆ ೧೯೯೮. ಆ ವರ್ಷ ಇಂಟೆಲ್ ಹೊರತಂದ ಸೆಲೆರಾನ್ ೩೦೦ಎ ಅಗ್ಗದ ಪ್ರೊಸೆಸರ್. ೬೬ ಮೆಗಾಹರ್ಟ್ಜ್ ಬಸ್ಸಿನ ನಾಲ್ಕೂವರೆ ಪಟ್ಟು, ಎಂದರೆ ೩೦೦ ಮೆಗಾಹರ್ಟ್ಜ್ ಅದರ ಗತಿ. ಬಸ್ಸನ್ನು ೧೦೦ಕ್ಕೆ ಏರಿಸಿದರೆ ಅದೇ ತುಣುಕು ೪೫೦ರಲ್ಲಿ ಓಡುತ್ತಿತ್ತು. ಹಲವು ಪಟ್ಟು ಬೆಲೆಯ ಪೆಂಟಿಯಂಗೆ ಸರಿಗಟ್ಟುತ್ತಿತ್ತು. ತಯಾರಕರು ಬೇಸಗೆಗೂ ಸವಕಳಿಗೂ ಒಂದಿಷ್ಟು ಅಂತರವನ್ನು ಕಾದಿಟ್ಟೇ ವೇಗವನ್ನು ನಮೂದಿಸುತ್ತಾರೆ. ಮೇಲ್ದರ್ಜೆಗೆ ಸಲ್ಲುವ ತುಣುಕನ್ನೂ ಮಾರುಕಟ್ಟೆಯ ಬೇಡಿಕೆಗಾಗಿ ಕೆಳದರ್ಜೆಯಲ್ಲಿ ಮಾರುವುದುಂಟು. ಓವರ್‌ಕ್ಲಾಕಿಂಗ್ ಮಾಡುವವನು ಉಣ್ಣುವುದು ಈ ಕಾಪಿಟ್ಟ ಬುತ್ತಿಯನ್ನೇ.

೨೦೦೦ದಲ್ಲಿ ಬಂದ ಪೆಂಟಿಯಂ ೪ ಮಿತಿಮೀರಿ ಕಾದಾಗ ತನ್ನ ಕೆಲಸವನ್ನು ತಾನೇ ನಿಧಾನಗೊಳಿಸಿಕೊಳ್ಳುತ್ತಿತ್ತು. ಖಡಕವಾಸಲಾದ ಬಾಗಿಲು ಪ್ರೊಸೆಸರಿಗೆ ಬಂದದ್ದು ಹೀಗೆ. ಆದರೆ ಅದು ತಡೆಯುವುದು ಉಷ್ಣವನ್ನು, ತಪ್ಪು ಲೆಕ್ಕವನ್ನಲ್ಲ. ಯಂತ್ರ ನಿಂತುಹೋದರೆ ಕಣ್ಣಿಗೆ ಕಾಣುತ್ತದೆ. ವೇಗ ತಾಳದೆ ಒಂದು ಅಂಕಿ ಕೆಟ್ಟರೆ ಕಾಣದು. ಮನೆಯ ಜಮಾಖರ್ಚು, ಮಗಳ ಸಂಶೋಧನ ಪ್ರಬಂಧ ಎಲ್ಲವೂ ಒಂದೇ ಯಂತ್ರದಲ್ಲಿರುವಾಗ ಇದು ಸಣ್ಣ ಮಾತಲ್ಲ.

ನಾಗಪುರದ ಪ್ರಶ್ನೆ ಇರುವುದೇ ಇಲ್ಲಿ. ಪ್ರೊಸೆಸರಿನ ಶಾಖ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಸಾರವಾಗಿ ಏರುತ್ತದೆ. ಎರಡನ್ನೂ ಶೇಕಡಾ ೧೦ರಷ್ಟು ಹೆಚ್ಚಿಸಿದರೆ ಶಾಖ ಶೇಕಡಾ ೩೩ರಷ್ಟು ಹೆಚ್ಚುತ್ತದೆ. ಅದರ ಮೇಲೆ ಕೋಣೆಯ ಗಾಳಿಯ ಬಿಸಿಯೂ ಕೂಡುತ್ತದೆ. ಜನವರಿಯಲ್ಲಿ ೨೦ ಡಿಗ್ರಿಯ ಕೋಣೆಯಲ್ಲಿ ೭೦ ಡಿಗ್ರಿ ತೋರಿದ ಪ್ರೊಸೆಸರ್, ಹೊರಗೆ ೪೫ ಮೀರಿ ಒಳಗೆ ೪೦ ಇರುವ ಮೇ ತಿಂಗಳಲ್ಲಿ ೯೦ರ ಸುತ್ತ ನಿಲ್ಲುತ್ತದೆ. ತಯಾರಕರು ಕಾದಿಟ್ಟ ಬುತ್ತಿ ಈ ಊರಿನಲ್ಲಿ ವೈಶಾಖದ ಪಾಲಿನದು.

ಆದುದರಿಂದ ಹೊಸಬರು ವೋಲ್ಟೇಜನ್ನು ಮುಟ್ಟದೆ ವೇಗವನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಏರಿಸಿ, ಪ್ರತಿ ಹಂತದಲ್ಲೂ ಪೂರ್ಣ ಹೊರೆ ಹೊರಿಸಿ ಕೆಲವು ಗಂಟೆಗಳ ಕಾಲ ಉಷ್ಣತೆಯನ್ನೂ ಲೆಕ್ಕದ ಸರಿತನವನ್ನೂ ಪರೀಕ್ಷಿಸುವುದು ಯುಕ್ತ. ಮುಖ್ಯವಾದ ಕಡತಗಳ ಪ್ರತಿ ಬೇರೆಡೆ ಇರಲಿ. ವಾರಂಟಿ ಸಾಮಾನ್ಯವಾಗಿ ಕೈತಪ್ಪುವುದೆಂಬುದೂ ನೆನಪಿರಲಿ. ಚಳಿಗಾಲದಲ್ಲಿ ಗೆದ್ದ ವೇಗವನ್ನು ಮಾರ್ಚ್ ಕಳೆಯುವ ಮುನ್ನ ಇಳಿಸುವುದು ಲೇಸು. ಮನೆಮನೆಯ ಕೂಲರು ಒಣ ಬೇಸಗೆಯಲ್ಲಿ ಕೋಣೆಯನ್ನು ತಣಿಸುವುದು ನಿಜ. ಅದರ ತೇವದ ಗಾಳಿ ಯಂತ್ರದ ಮೇಲೆ ನೇರವಾಗಿ ಬೀಸಬಾರದಷ್ಟೆ. ಮಳೆ ಹಿಡಿದ ಮೇಲೆ ಕೂಲರಿನ ಉಪಕಾರವೂ ತಗ್ಗುವುದರಿಂದ, ಜೂನಿನ ಕೊನೆಗೆ ಇನ್ನೊಂದು ಪರೀಕ್ಷೆ ಅವಶ್ಯ.